ಮಗುವಿನ ಮೊದಲ ಊಟ: ಚಮಚವೋ, ಅದರದೇ ಕೈಯೋ?

ಪ್ರಶ್ನೆ: ನಮ್ಮ ಮಗಳಿಗೆ ಆರು ತಿಂಗಳು ತುಂಬಿ ಹತ್ತು ದಿನಗಳಾದವು. ಹೊರನಾಡಿನಲ್ಲಿ ಅನ್ನಪ್ರಾಶನ ಮಾಡಿಸಿಕೊಂಡು ಬಂದ ಮರುದಿನದಿಂದಲೇ ಅತ್ತೆಯವರು ರಾಗಿ ಸರಿಯನ್ನು ಚಮಚದಲ್ಲಿ ತಿನ್ನಿಸತೊಡಗಿದ್ದಾರೆ. ನನ್ನ ಕಚೇರಿಯ ಗೆಳತಿಯರು ಮಾತ್ರ ಚಮಚವನ್ನೇ ತೋರಿಸಬಾರದು, ಬೇಯಿಸಿದ ತರಕಾರಿ, ಹಣ್ಣಿನ ತುಂಡುಗಳನ್ನು ಮುಂದಿಟ್ಟು ಮಗು ತಾನೇ ತಿನ್ನಲು ಬಿಡಬೇಕು ಎನ್ನುತ್ತಾರೆ. ಎರಡನ್ನೂ ಸೇರಿಸಿದರೆ ನುಂಗುವುದು ಯಾವುದು, ಅಗಿಯುವುದು ಯಾವುದು ಎಂದು ತಿಳಿಯದೆ ಮಗುವಿಗೆ ಉಸಿರುಗಟ್ಟುತ್ತದೆಯಂತೆ. ಯಾರ ಮಾತು ಕೇಳಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ಅತ್ತೆಯವರ ರಾಗಿ ಸರಿಯನ್ನು ಉಳಿಸಿಕೊಳ್ಳಿ, ಗೆಳತಿಯರು ಹೇಳಿದ ತರಕಾರಿ ತುಂಡನ್ನೂ ಅದೇ ಊಟದಲ್ಲಿ ಮಗುವಿನ ಮುಂದಿಡಿ. ಎರಡೂ ಸೇರಿದರೆ ಗೊಂದಲವಾಗುತ್ತದೆ ಎಂಬ ಮಾತು ಬಹಳ ಓಡಾಡುತ್ತಿದೆ, ಆದರೆ ನಾನು ಓದಿದ ಯಾವ ಅಧ್ಯಯನದಲ್ಲೂ ಅದಕ್ಕೆ ಆಧಾರ ಕಂಡಿಲ್ಲ. ಆರು ತಿಂಗಳು ಬರೀ ಚೀಪಿ ಕುಡಿದ ಮಗುವಿಗೆ ಚಮಚವೂ ಹೊಸದು, ತುಂಡೂ ಹೊಸದು. ಎರಡನ್ನೂ ಅದು ಒಂದೇ ನಾಲಿಗೆಯಿಂದ, ಒಂದೇ ಒಸಡಿನಿಂದ ಕಲಿಯುತ್ತದೆ.

ಮಗು ತಾನೇ ತಿನ್ನಲಿ ಎಂಬ ಈ ಕ್ರಮಕ್ಕೆ ಬೇಬಿ ಲೆಡ್ ವೀನಿಂಗ್ ಎಂಬ ಹೆಸರು ಬಂದಿದ್ದು ಬ್ರಿಟನ್ನಿನಲ್ಲಿ. ಅಲ್ಲಿ ಮನೆಮನೆಗೆ ಹೋಗಿ ತಾಯಂದಿರಿಗೆ ಸಲಹೆ ನೀಡುವ ಆರೋಗ್ಯ ಕಾರ್ಯಕರ್ತೆಯಾಗಿದ್ದ ಜಿಲ್ ರಾಪ್ಲಿ ಅದನ್ನು ಜನಪ್ರಿಯಗೊಳಿಸಿದರು. ಚಮಚ ತುಂಬಿಸಿ ತುಂಬಿಸಿ ಬಾಯಿಗೆ ತುರುಕುವ ಅಭ್ಯಾಸಕ್ಕೆ ಎದುರಾಗಿ ಹುಟ್ಟಿದ ವಿಚಾರವಾದ್ದರಿಂದ ಅದರಲ್ಲಿ ಒಳ್ಳೆಯ ತಿರುಳೂ ಇದೆ, ತುಸು ಹಟವೂ ಇದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 206 ತಾಯಂದಿರನ್ನು ಸೇರಿಸಿಕೊಂಡು ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾವೇ ತಿಂದ ಮಕ್ಕಳಿಗೂ ಚಮಚದಲ್ಲಿ ತಿಂದ ಮಕ್ಕಳಿಗೂ ಒಂದು ಮತ್ತು ಎರಡು ವರ್ಷದ ಹೊತ್ತಿಗೆ ಎತ್ತರಕ್ಕೆ ತಕ್ಕ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಅಲ್ಲಿಯ ತಾಯಂದಿರಿಗೆ ಒಂದು ಕಟ್ಟುನಿಟ್ಟಿನ ಸೂಚನೆಯಿತ್ತೆಂಬುದನ್ನು ಗೆಳತಿಯರು ಬಹುಶಃ ಹೇಳಿರಲಾರರು: ಪ್ರತಿ ಊಟದಲ್ಲೂ ಕಬ್ಬಿಣಾಂಶವಿರುವ ಒಂದು ಪದಾರ್ಥ ಮತ್ತು ಹೆಚ್ಚು ಶಕ್ತಿ ಕೊಡುವ ಒಂದು ಪದಾರ್ಥ ಇರಲೇಬೇಕಿತ್ತು.

ನಮ್ಮ ಮನೆಗಳಲ್ಲಿ ತೊಡಕು ಇರುವುದು ಇಲ್ಲಿಯೇ. ಮಾಂಸ ತಿನ್ನುವ ನಾಡಿನ ಮಗು ಬೇಯಿಸಿದ ಮಾಂಸದ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಚೀಪಬಹುದು. ನಮ್ಮಲ್ಲಿ, ಅದರಲ್ಲೂ ಸಸ್ಯಾಹಾರಿಗಳ ಮನೆಯಲ್ಲಿ, ಮಗುವಿಗೆ ಕಬ್ಬಿಣಾಂಶ ಸಿಗುವುದು ರಾಗಿ, ಬೇಳೆ, ಕಾಳು, ಸೊಪ್ಪುಗಳಿಂದ. ಅವೆಲ್ಲ ಸರಿ, ಹುಗ್ಗಿ, ಬೆರೆಸಿದ ಅನ್ನದ ರೂಪದಲ್ಲಿ ಹರಿಯುವ, ಜಾರುವ ಪದಾರ್ಥಗಳು. ಆರು ತಿಂಗಳ ಮುಷ್ಟಿಗೆ ಅವು ದಕ್ಕುವುದಿಲ್ಲ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಬಹುಪಾಲು ಕರಗಿರುತ್ತದೆ, ಎದೆಹಾಲಿನಲ್ಲಿ ಅದರ ಪ್ರಮಾಣ ಬಹಳ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆಯಿದೆ. ಇಂಥ ನಾಡಿನಲ್ಲಿ ಚಮಚವನ್ನೇ ಮನೆಯಿಂದ ಹೊರಗಿಡಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಹೊಟ್ಟೆಗೆ ಸೇರಲೇಬೇಕಾದ್ದನ್ನು ಚಮಚ ತಲುಪಿಸಲಿ, ಕಲಿಯಬೇಕಾದ್ದನ್ನು ಕೈ ಕಲಿಯಲಿ.

ಚಮಚದಲ್ಲಿ ಹೋಗುವುದಕ್ಕೆ ಸತ್ವವಿರಬೇಕು. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿಯಷ್ಟು ಶಕ್ತಿ ಹೊರಗಿನ ಆಹಾರದಿಂದ ಬೇಕು, ಆದರೆ ಏಳು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದು ಸುಮಾರು 200 ಮಿಲಿಲೀಟರ್ ಮಾತ್ರ. ಅಷ್ಟು ಜಾಗವನ್ನು ಗಂಜಿಯ ತಿಳಿಯಿಂದಲೋ ಬೇಳೆಕಟ್ಟಿನಿಂದಲೋ ತುಂಬಿಸಿದರೆ ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈ ತುಂಬುವುದಿಲ್ಲ. ಚಮಚವನ್ನು ಓರೆ ಮಾಡಿದಾಗ ಸರಿ ಜಾರಿಹೋಗದೆ ನಿಲ್ಲುವಷ್ಟು ಗಟ್ಟಿಯಾಗಿರಬೇಕು, ಬೇಳೆಯ ನೀರಿನ ಬದಲು ಬೆಂದ ಬೇಳೆಯನ್ನೇ ಕಿವುಚಿ ಹಾಕಬೇಕು, ಮೇಲೆ ಅರ್ಧ ಚಮಚ ತುಪ್ಪ ಬೀಳಬೇಕು. ಈ ವಿಷಯದಲ್ಲಿ ನಮ್ಮ ಹಿರಿಯರು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡುತ್ತಿದ್ದುದಕ್ಕೆ ವಿಜ್ಞಾನದ ಪೂರ್ಣ ಒಪ್ಪಿಗೆಯಿದೆ: ಮೊಳಕೆಯೊಡೆದ ರಾಗಿಯ ಪಿಷ್ಟ ಸಡಿಲವಾಗುವುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಂಟಾಗದೆ ನುಂಗಲು ಹದವಾಗಿರುತ್ತದೆ, ಕಬ್ಬಿಣಾಂಶವೂ ಮೈಗೆ ಹೆಚ್ಚು ಹತ್ತುತ್ತದೆ. ಉಪ್ಪು, ಸಕ್ಕರೆ, ಬೆಲ್ಲ ಯಾವುದೂ ಬೇಡ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ನಿಲ್ಲಿಸಿ. ವರ್ಷ ತುಂಬುವ ಮೊದಲು ಜೇನಿನಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಇನ್ನು ಕೈಗೆ ಕೊಡುವ ತುಂಡು. ಆರು ತಿಂಗಳ ಮಗು ಹಿಡಿಯುವುದು ಅಂಗೈಯಿಂದ; ಬೆರಳ ತುದಿಯಿಂದ ಹೆಕ್ಕುವ ಕಲೆ ಅದಕ್ಕಿನ್ನೂ ಬಂದಿರುವುದಿಲ್ಲ. ಆದ್ದರಿಂದ ತುಂಡು ನಿಮ್ಮ ಬೆರಳಿನಷ್ಟು ಉದ್ದವಿದ್ದು ಮುಷ್ಟಿಯಿಂದ ಹೊರಗೆ ಇಣುಕುವಂತಿರಬೇಕು ಮತ್ತು ನಿಮ್ಮ ಹೆಬ್ಬೆರಳು, ತೋರುಬೆರಳುಗಳ ನಡುವೆ ಸುಲಭವಾಗಿ ಜಜ್ಜಿಹೋಗುವಷ್ಟು ಬೆಂದಿರಬೇಕು. ಆವಿಯಲ್ಲಿ ಬೇಯಿಸಿದ ಸಿಹಿಗುಂಬಳ, ಸಿಹಿಗೆಣಸು, ಕ್ಯಾರೆಟ್ಟು, ಮಾಗಿದ ಪಪ್ಪಾಯದ ಹೋಳು, ಉದ್ದಕ್ಕೆ ಸೀಳಿದ ಬಾಳೆಹಣ್ಣು, ಬೆರಳಗಲ ಕತ್ತರಿಸಿದ ಮೆತ್ತನೆಯ ಇಡ್ಲಿ ಇವೆಲ್ಲ ಆಗುತ್ತವೆ. ಮೊಟ್ಟೆ ತಿನ್ನುವವರಾದರೆ ಚೆನ್ನಾಗಿ ಬೆಂದ ಆಮ್ಲೆಟ್ಟಿನ ಪಟ್ಟಿಗಿಂತ ಒಳ್ಳೆಯ ತುಂಡು ನನಗೆ ತಿಳಿದಿಲ್ಲ. ನುಗ್ಗೆಕಾಯಿಯ ನಾರು ಬೇಡ. ರಾಗಿ ಮುದ್ದೆಯನ್ನು ಕೊಡಬೇಕೆನಿಸಿದರೆ ಸಾರಿನಲ್ಲಿ ಚೆನ್ನಾಗಿ ಕಿವುಚಿ ಚಮಚದಲ್ಲಿ ಕೊಡಿ. ದೊಡ್ಡವರು ಅಗಿಯದೆ ನುಂಗುವ ಪದಾರ್ಥವದು, ಅಂಟು ಮುದ್ದೆಯ ತುತ್ತು ಎಳೆಯ ಗಂಟಲಿಗೆ ತಕ್ಕದ್ದಲ್ಲ.

ಊಟದ ಹೊತ್ತು ಹೇಗಿರಬೇಕೆಂದರೆ, ಮಗು ನಿದ್ದೆಗಣ್ಣಿನಲ್ಲೂ ಇರಬಾರದು, ಹಸಿದು ರಚ್ಚೆ ಹಿಡಿದೂ ಇರಬಾರದು. ಹಾಲು ಕುಡಿದು ಸುಮಾರು ಒಂದು ಗಂಟೆಯಾದರೆ ಹದ. ನಿಮ್ಮ ತೊಡೆಯ ಮೇಲೋ ಪುಟ್ಟ ಕುರ್ಚಿಯಲ್ಲೋ ಬೆನ್ನು ನೆಟ್ಟಗೆ, ಕತ್ತು ನಿಂತಿರುವಂತೆ ಕೂರಿಸಿ, ಮೊದಲು ಒಂದೆರಡು ತುಂಡುಗಳನ್ನು ಮುಂದಿಡಿ. ಅದು ಹಿಡಿದು, ಹಿಸುಕಿ, ಮೂತಿಗೆ ಬಳಿದುಕೊಂಡು, ಚೂರುಪಾರು ಚೀಪಿ ಐದು ನಿಮಿಷ ಕಳೆದ ಮೇಲೆ ಸರಿಯ ಬಟ್ಟಲನ್ನು ತೆಗೆಯಿರಿ. ಚಮಚವನ್ನು ಮಗುವಿನ ಮುಂದೆ ತುಸು ದೂರದಲ್ಲಿ ಹಿಡಿದು ಕಾಯಿರಿ. ಮುಂದೆ ಬಾಗಿ ಬಾಯಿ ತೆರೆದರೆ ಕೊಡಿ, ಮುಖ ತಿರುಗಿಸಿದರೆ ಅಥವಾ ತುಟಿ ಬಿಗಿದರೆ ಅಲ್ಲಿಗೆ ಊಟ ಮುಗಿಯಿತು. ಮಗು ಚಮಚವನ್ನೇ ಕಿತ್ತುಕೊಳ್ಳಲು ಬಂದರೆ ಜಗಳವಾಡದೆ ಒಂದನ್ನು ಅದರ ಕೈಗೆ ಕೊಟ್ಟು ಇನ್ನೊಂದರಲ್ಲಿ ನೀವು ತಿನ್ನಿಸಿ, ಅಥವಾ ಗಟ್ಟಿ ಸರಿಯನ್ನು ಚಮಚಕ್ಕೆ ಮೆತ್ತಿ ಹಿಡಿಯನ್ನು ಅದರ ಮುಷ್ಟಿಗೆ ಹಿಡಿಸಿ. ಒಂದೇ ಒಂದು ಎಚ್ಚರವನ್ನು ಮರೆಯಬೇಡಿ: ಬಾಯಿಯಲ್ಲಿ ತುಂಡಿರುವಾಗ ಅದರ ಮೇಲೆ ಚಮಚದಿಂದ ಸರಿ ಸುರಿಯಬಾರದು. ಒಂದು ಖಾಲಿಯಾದ ಮೇಲೆ ಇನ್ನೊಂದು.

ಅತ್ತೆಯವರು ಚಮಚ ಬಿಟ್ಟು ಕೈತುತ್ತು ಕೊಡುತ್ತೇನೆಂದರೆ ಸಂತೋಷದಿಂದ ಬಿಡಿ. ಸೋಪಿನಿಂದ ತೊಳೆದ ಕೈಯಾಗಿರಲಿ, ಅಷ್ಟೆ. ಬಿಸಿ ಎಷ್ಟಿದೆ, ಗಂಟು ಉಳಿದಿದೆಯೆ, ಮೀನಿನ ಮುಳ್ಳು ಇದೆಯೆ ಎಂಬುದು ಬೆರಳಿಗೆ ತಿಳಿದಷ್ಟು ಚಮಚಕ್ಕೆ ತಿಳಿಯುವುದಿಲ್ಲ. ನಾನು ಖಂಡಿತವಾಗಿ ವಿರೋಧಿಸುವುದು ಮಗುವನ್ನು ಕಾಲ ಮೇಲೆ ಮಲಗಿಸಿ, ಕೈಗಳನ್ನು ಅದುಮಿ ಹಿಡಿದು, ಒಳಲೆಯಿಂದ ಗಂಟಲಿಗೆ ಸರಿ ಹೊಯ್ಯುವ ಹಳೆಯ ರೂಢಿಯನ್ನು. ಬೇಡವೆನ್ನುವ ಮಗುವಿಗೆ ಹಾಗೆ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಶುರುವಿನಲ್ಲಿ ಎರಡು ಮೂರು ಚಮಚ, ದಿನಕ್ಕೆ ಎರಡು ಸಲ ಸಾಕು. ಎಂಟು ತಿಂಗಳ ಹೊತ್ತಿಗೆ ದಿನಕ್ಕೆ ಮೂರು ಸಲ, ಒಂದು ಸಲಕ್ಕೆ ಅರ್ಧ ಬಟ್ಟಲು. ತಿಂಗಳು ಕಳೆದಂತೆ ಮಿಕ್ಸಿಯನ್ನು ದೂರವಿಟ್ಟು ಕೈಯಿಂದ ಕಿವುಚಿದ್ದನ್ನೇ ಕೊಡಿ. ಇಂಗ್ಲೆಂಡಿನ ಏವನ್ ಪ್ರದೇಶದ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತ ಬಂದ ಅಧ್ಯಯನದಲ್ಲಿ, ಹತ್ತು ತಿಂಗಳು ಕಳೆದ ಮೇಲಷ್ಟೇ ತರಿತರಿ ಆಹಾರ ಕಂಡ ಮಕ್ಕಳು ಮುಂದೆ ಊಟಕ್ಕೆ ಹೆಚ್ಚು ಸತಾಯಿಸಿದ್ದು ಕಂಡುಬಂದಿತ್ತು.

ಪ್ರಶ್ನೆ: ನಮ್ಮ ಏಳು ತಿಂಗಳ ಮಗ ಬೇಯಿಸಿದ ಕ್ಯಾರೆಟ್ ಚೀಪುತ್ತಿದ್ದಾಗ ಓಕರಿಸಿ, ಕೆಮ್ಮಿ, ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು. ನನ್ನ ತಾಯಿ ನೆತ್ತಿಗೆ ಹತ್ತಿತೆಂದು ತಲೆ ತಟ್ಟಿದರು, ಪತ್ನಿ ಬಾಯೊಳಗೆ ಬೆರಳು ಹಾಕಿದಳು. ಅಂದಿನಿಂದ ತುಂಡು ಕೊಡುವುದನ್ನು ನಿಲ್ಲಿಸಿದ್ದೇವೆ. ನಾವು ಮಾಡಿದ್ದು ಸರಿಯೇ?
— ಹೆಸರು ಬೇಡ, ಉಡುಪಿ

ಉತ್ತರ: ನೀವು ಕಂಡದ್ದು ಓಕರಿಕೆ, ಉಸಿರುಗಟ್ಟುವಿಕೆಯಲ್ಲ. ದೊಡ್ಡವರಲ್ಲಿ ಓಕರಿಕೆ ಹುಟ್ಟಿಸುವ ಜಾಗ ನಾಲಿಗೆಯ ಬುಡದಲ್ಲಿದ್ದರೆ ಎಳೆ ಮಕ್ಕಳಲ್ಲಿ ಅದು ಇನ್ನೂ ಮುಂದಿರುತ್ತದೆ. ತುಂಡು ಹಿಂದಕ್ಕೆ ಸರಿಯುವ ಮೊದಲೇ ಅದನ್ನು ಹೊರತಳ್ಳುವ ಕಾವಲು ಅದು. ನ್ಯೂಜಿಲೆಂಡಿನ ಅದೇ ಪ್ರಯೋಗದಲ್ಲಿ ತಾವೇ ತಿನ್ನುವ ಮಕ್ಕಳು ಆರನೆಯ ತಿಂಗಳಲ್ಲಿ ಹೆಚ್ಚು ಓಕರಿಸಿದರು, ಎಂಟನೆಯ ತಿಂಗಳಲ್ಲಿ ಚಮಚದ ಮಕ್ಕಳಿಗಿಂತ ಕಡಿಮೆ ಓಕರಿಸಿದರು, ಉಸಿರುಗಟ್ಟಿದ ಪ್ರಸಂಗಗಳಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಮೈಮರೆಯುವಂತಿಲ್ಲ, ಏಕೆಂದರೆ ಎರಡು ಗುಂಪುಗಳಲ್ಲೂ ಅಪಾಯದ ಪದಾರ್ಥಗಳು ಮಕ್ಕಳ ಕೈಗೆ ಸಿಕ್ಕಿದ್ದವು.

ಸದ್ದು ಮಾಡುತ್ತಿರುವ ಮಗು ಉಸಿರಾಡುತ್ತಿದೆ. ಕೆಮ್ಮು, ಅಳು, ಓಕರಿಕೆ ಇರುವಷ್ಟು ಹೊತ್ತು ಪಕ್ಕದಲ್ಲೇ ಕುಳಿತು ನೋಡುತ್ತಿರಿ. ತಲೆ ತಟ್ಟುವುದರಿಂದ ಪ್ರಯೋಜನವಿಲ್ಲ, ಕಾಣದ ತುಂಡಿಗಾಗಿ ಬೆರಳು ಹಾಕಿದರೆ ಅದು ಇನ್ನೂ ಆಳಕ್ಕೆ ಹೋಗಬಹುದು. ಸದ್ದೇ ಇಲ್ಲದೆ, ಅಳಲೂ ಆಗದೆ, ತುಟಿ ನೀಲಿಯಾಗುತ್ತಿದ್ದರೆ ಅದು ನಿಜವಾದ ಅಪಾಯ. ಆಗ ಮಗುವನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ಎದೆಗಿಂತ ಕೆಳಗಿರುವಂತೆ ಮಲಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಗಟ್ಟಿಯಾಗಿ ಗುದ್ದಬೇಕು. ತುಂಡು ಬೀಳದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವೆ ಮೊಲೆತೊಟ್ಟುಗಳ ಗೆರೆಗಿಂತ ತುಸು ಕೆಳಗೆ ಐದು ಬಾರಿ ಒತ್ತಬೇಕು. ತುಂಡು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮುಂದುವರಿಸಬೇಕು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಲಿ. ಮಗು ಪ್ರಜ್ಞೆ ತಪ್ಪಿದರೆ ಎದೆಯೊತ್ತುವ, ಉಸಿರು ಕೊಡುವ ಚಿಕಿತ್ಸೆ ಬೇಕಾಗುತ್ತದೆ. ಅದನ್ನು ಮನೆಯಲ್ಲಿ ಒಬ್ಬರಾದರೂ ಮೊದಲೇ ಕಲಿತಿರುವುದು ಒಳ್ಳೆಯದು.

ಕ್ಯಾರೆಟ್ ಮತ್ತೆ ಕೊಡಿ, ಆದರೆ ಇನ್ನಷ್ಟು ಬೇಯಿಸಿ. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಹಸಿ ಸೇಬಿನ ಗಟ್ಟಿ ಹೋಳು, ಕೊಬ್ಬರಿ ಚೂರು ಇವು ಮಾತ್ರ ಮಗುವಿನ ಹತ್ತಿರ ಸುಳಿಯಬಾರದು. ಇಡೀ ಬೀಜಗಳನ್ನು ಐದು ವರ್ಷದವರೆಗೂ ಕೊಡದಿರುವುದೇ ಕ್ಷೇಮ. ಕಡಲೆಕಾಯಿ ಬೀಜವನ್ನು ನುಣ್ಣಗೆ ಅರೆದು ಸರಿಯಲ್ಲಿ ಬೆರೆಸಿ ಆರು ತಿಂಗಳಿಂದಲೇ ಕೊಡಬಹುದು. ಮಗುವಿಗೆ ಮೈಮೇಲೆ ತೀವ್ರವಾದ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಮಗು ತಿನ್ನುವಾಗ ಕಣ್ಣಳತೆಯಲ್ಲಿ ದೊಡ್ಡವರೊಬ್ಬರು ಇರಲೇಬೇಕು, ಅಂಬೆಗಾಲಿಡುತ್ತ ತಿನ್ನಲು ಬಿಡಬಾರದು.

ಪ್ರಶ್ನೆ: ನನ್ನ ಮೊಮ್ಮಗನಿಗೆ ಒಂಬತ್ತು ತಿಂಗಳು. ಸೊಸೆ ಅವನ ಮುಂದೆ ಅನ್ನ, ಪಲ್ಯ ಹರವಿ ಬಿಡುತ್ತಾಳೆ. ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು, ಅದೂ ಎಡಗೈಯಿಂದ. ಅನ್ನವನ್ನು ಹೀಗೆ ಚೆಲ್ಲುವುದನ್ನು ನೋಡಲಾಗುವುದಿಲ್ಲ. ನಾನು ತಿನ್ನಿಸಿದರೆ ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ. ಇದರಲ್ಲಿ ತಪ್ಪೇನು?
— ಒಬ್ಬ ಅಜ್ಜಿ, ಧಾರವಾಡ

ಉತ್ತರ: ಅನ್ನ ಚೆಲ್ಲಿದರೆ ನಿಮಗಾಗುವ ಸಂಕಟ ನನಗೂ ಆಗುತ್ತದೆ, ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವನಲ್ಲ ನಾನು. ಅದಕ್ಕೆ ಸುಲಭದ ದಾರಿಯಿದೆ: ಒಂದು ಸಲಕ್ಕೆ ಎರಡೇ ತುಂಡು ಅಥವಾ ಎರಡೇ ಚಿಟಿಕೆ ಅನ್ನ ಮುಂದಿಡಲಿ, ಅದು ಮುಗಿದರೆ ಮತ್ತೆರಡು. ಕೆಳಗೆ ಒಗೆದ ಬಟ್ಟೆಯೊಂದನ್ನು ಹಾಸಿದರೆ ಬಿದ್ದ ತುಂಡನ್ನು ಮತ್ತೆ ಎತ್ತಿ ಕೊಡಬಹುದು. ಆದರೆ ಚೆಲ್ಲುವುದನ್ನು ಪೂರ್ತಿ ನಿಲ್ಲಿಸಲು ಹೋಗಬೇಡಿ. ಒಂಬತ್ತು ತಿಂಗಳೆಂದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಹೆಕ್ಕುವ ಕೌಶಲ ಮೂಡುವ ಹೊತ್ತು; ಒಂದೊಂದೇ ಅನ್ನದ ಅಗುಳನ್ನು ಹೆಕ್ಕಿ ಬಾಯಿಗಿಡುವುದು ಅವನಿಗೆ ದೊಡ್ಡ ಸಾಧನೆ.

ಬಟ್ಟಲು ಹತ್ತು ನಿಮಿಷದಲ್ಲಿ ಖಾಲಿಯಾಗುವುದು ತಪ್ಪಲ್ಲ, ಅವನು ಬಾಯಿ ತೆರೆದು ಕೇಳುತ್ತಿದ್ದರೆ. ಮೊಬೈಲಿನ ಹಾಡು ಹಚ್ಚಿ, ಅವನ ಗಮನ ಅತ್ತ ಹೋದಾಗ ತುತ್ತು ಇಡುತ್ತಿದ್ದರೆ ಅದು ತಪ್ಪು, ಏಕೆಂದರೆ ತನ್ನ ಹೊಟ್ಟೆ ತುಂಬಿತೆಂದು ಅವನಿಗೆ ತಿಳಿಯುವ ಮೊದಲೇ ಬಟ್ಟಲು ಮುಗಿದಿರುತ್ತದೆ. ಚಂದಪ್ಪನನ್ನು ತೋರಿಸಿ ಉಣಿಸಿದವರೇ ನಾವೆಲ್ಲ ಎಂದು ನೀವು ಕೇಳಬಹುದು. ಚಂದಪ್ಪ ಮೊಬೈಲಿನಂತೆ ಕಣ್ಣನ್ನು ಕಟ್ಟಿಹಾಕುವುದಿಲ್ಲ, ತುತ್ತಿಗೊಮ್ಮೆ ಮಗು ನಿಮ್ಮ ಮುಖವನ್ನೇ ನೋಡುತ್ತದೆ. ಸೊಸೆ ಅನ್ನ ಹರವಲಿ, ನಡುನಡುವೆ ನೀವು ತುಪ್ಪ ಹಾಕಿ ಕಲಸಿದ ಬೇಳೆಯನ್ನದ ಕೈತುತ್ತು ಕೊಡಿ. ಇಬ್ಬರೂ ಒಂದೇ ಹೊತ್ತಿಗೆ ಅವನ ಜೊತೆ ಕುಳಿತರೆ ಈ ಜಗಳವೇ ಇರುವುದಿಲ್ಲ.

ಎಡಗೈ, ಬಲಗೈ ಎಂಬುದು ಈ ವಯಸ್ಸಿನಲ್ಲಿ ನಿಂತಿರುವುದಿಲ್ಲ. ಎರಡೂ ಕೈ ತೊಳೆದು ಬಿಡಿ.

ಪ್ರಶ್ನೆ: ಮಗು ಎರಡು ತಿಂಗಳು ಮುಂಚೆ ಹುಟ್ಟಿದೆ. ಈಗ ಆರು ತಿಂಗಳು. ತುಂಡು ಕೊಡಬಹುದೆ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಬೆಳವಣಿಗೆಯ ಲೆಕ್ಕದಲ್ಲಿ ನಿಮ್ಮ ಮಗುವಿಗೆ ಈಗ ನಾಲ್ಕು ತಿಂಗಳಷ್ಟೆ. ಆಸರೆ ಕೊಟ್ಟರೆ ಕೂರುವುದು, ಕತ್ತು ನಿಲ್ಲುವುದು, ವಸ್ತುವನ್ನು ಹಿಡಿದು ಬಾಯಿಗೆ ಒಯ್ಯುವುದು, ಬಾಯಿಗೆ ಬಂದದ್ದನ್ನು ನಾಲಿಗೆಯಿಂದ ಹೊರನೂಕದಿರುವುದು, ಇಷ್ಟು ಕಾಣುವವರೆಗೆ ತುಂಡು ಬೇಡ. ಚಮಚದ ಆಹಾರವನ್ನು ಯಾವಾಗ ಆರಂಭಿಸಬೇಕೆಂದು ಮಗುವನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು. ಕಬ್ಬಿಣದ ಹನಿ ಕೊಡುತ್ತಿದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.

ಪ್ರಶ್ನೆ: ಹತ್ತು ತಿಂಗಳ ಮಗಳು ಚಮಚ ಕಂಡರೆ ಸಾಕು, ಬಾಯಿ ಬಿಗಿಯುತ್ತಾಳೆ. ಕೈಯಿಂದ ಮಾತ್ರ ತಿನ್ನುತ್ತಾಳೆ, ಅದೂ ಬಾಳೆಹಣ್ಣು, ಬಿಸ್ಕತ್ತು. ಮೊದಲಿನಿಂದ ಚಮಚದಲ್ಲೇ ತಿನ್ನಿಸಿದ್ದೆವು. ಈಗ ಏನು ಮಾಡಲಿ?
— ಹೆಸರು ಬೇಡ, ತುಮಕೂರು

ಉತ್ತರ: ಹತ್ತು ತಿಂಗಳಿಗೆ ಇದು ಬಹಳ ಮನೆಗಳಲ್ಲಿ ನಡೆಯುತ್ತದೆ. ಒತ್ತಾಯದ ನೆನಪಿರಬಹುದು, ಹಲ್ಲು ಬರುವ ನೋವಿರಬಹುದು, ಅಥವಾ ಅವಳಿಗೆ ತಾನೇ ತಿನ್ನಬೇಕೆಂಬ ಹಟ ಬಂದಿರಬಹುದು. ಹದಿನೈದು ದಿನ ಚಮಚವನ್ನು ನಿಮ್ಮ ಕೈಯಿಂದ ಕೆಳಗಿಟ್ಟು, ಅವಳ ಕೈಗೆ ಆಟಿಕೆಯಂತೆ ಕೊಡಿ. ಅಷ್ಟು ದಿನ ಚಮಚದಲ್ಲಿ ಹೋಗಬೇಕಾಗಿದ್ದನ್ನೆಲ್ಲ ಕೈಯಲ್ಲಿ ಹಿಡಿಯುವ ರೂಪಕ್ಕೆ ತರುವುದು ನಿಮ್ಮ ಕೆಲಸ: ರಾಗಿ ಹಿಟ್ಟನ್ನು ಉದ್ದಿನ ಹಿಟ್ಟಿಗೆ ಬೆರೆಸಿದ ಮೆತ್ತನೆಯ ದೋಸೆಯ ಪಟ್ಟಿ, ಸಣ್ಣಗೆ ಹೆಚ್ಚಿದ ಸೊಪ್ಪು ಸೇರಿಸಿದ ಪಡ್ಡನ್ನು ನಾಲ್ಕು ತುಂಡು ಮಾಡಿದ್ದು, ಗಟ್ಟಿ ಬೇಳೆಯಲ್ಲಿ ನೆನೆಸಿದ ಚಪಾತಿ ಚೂರು, ಕಿವುಚಿ ಚಪ್ಪಟೆ ಮಾಡಿದ ಬೆಂದ ಕಾಳು, ಬೆಂದ ಮೊಟ್ಟೆ. ಸೊಪ್ಪು, ಕಾಳುಗಳ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅವುಗಳಲ್ಲಿರುವ ಕಬ್ಬಿಣಾಂಶ ಹೆಚ್ಚು ಹೀರಲ್ಪಡುತ್ತದೆ. ಅಂಗನವಾಡಿಯಿಂದ ಪುಷ್ಟಿ ಪುಡಿ ಬರುತ್ತಿದ್ದರೆ ಅದನ್ನು ಮನೆಮಂದಿಯೆಲ್ಲ ಹಂಚಿಕೊಳ್ಳದೆ ಅವಳಿಗೇ ದೋಸೆಯಾಗಿ ಹುಯ್ದು ಕೊಡಿ. ಹೊಸ ಪದಾರ್ಥವನ್ನು ಒಮ್ಮೆ ಉಗುಳಿದಳೆಂದು ಬಿಡಬೇಡಿ. ಎಂಟು ಹತ್ತು ಸಲ ಮುಂದಿಟ್ಟ ಮೇಲೆ ಒಪ್ಪಿಕೊಳ್ಳುವ ಮಕ್ಕಳೇ ಹೆಚ್ಚು.

ಬಿಸ್ಕತ್ತನ್ನು ಮಾತ್ರ ಇಂದೇ ನಿಲ್ಲಿಸಿ. ಅದರಲ್ಲಿರುವುದು ಮೈದಾ ಮತ್ತು ಸಕ್ಕರೆ. ಅದು ತುಂಬಿದ ಹೊಟ್ಟೆಗೆ ದೋಸೆ ಬೇಡವಾಗುತ್ತದೆ. ಹಸುವಿನ ಹಾಲನ್ನು ಬಟ್ಟಲುಗಟ್ಟಲೆ ಕುಡಿಸುತ್ತಿದ್ದರೆ ಅದನ್ನೂ ನಿಲ್ಲಿಸಿ. ವರ್ಷದೊಳಗೆ ಅದು ಊಟದ ಜಾಗವನ್ನೂ ಕಬ್ಬಿಣಾಂಶವನ್ನೂ ಕಸಿದುಕೊಳ್ಳುತ್ತದೆ. ಎದೆಹಾಲು ಮುಂದುವರಿಯಲಿ.

ಇದರ ಜೊತೆಗೆ ಎರಡು ಕೆಲಸಗಳಿವೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣದ ಸಿರಪ್ಪನ್ನು, ವಾರಕ್ಕೆ ಎರಡು ಬಾರಿ ಒಂದೊಂದು ಮಿಲಿಲೀಟರಿನಂತೆ, ಅವಳು ಪಡೆಯುತ್ತಿದ್ದಾಳೆಯೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ನಕ್ಷೆಯಲ್ಲಿ ಕಳೆದ ಮೂರು ತಿಂಗಳ ತೂಕವನ್ನು ಗುರುತು ಮಾಡಿಸಿ ನೋಡಿ. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಹದಿನೈದು ದಿನ ನಿಶ್ಚಿಂತೆಯಿಂದ ಕಾಯಬಹುದು. ಗೆರೆ ಸಪಾಟಾಗಿದ್ದರೆ, ಮಗು ಬಿಳಿಚಿಕೊಂಡಿದ್ದರೆ, ಅಥವಾ ಕೈಯಿಂದಲೂ ತರಿ ಆಹಾರವನ್ನು ನುಂಗಲಾಗದೆ ಪ್ರತಿ ಸಲ ವಾಂತಿ ಮಾಡಿಕೊಳ್ಳುತ್ತಿದ್ದರೆ ಕಾಯದೆ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ, ಕಾರ್ಡನ್ನು ಜೊತೆಗೆ ಒಯ್ಯಿರಿ.